ಏಳನೇ ನಂಬರಿನ ಸ್ಪೂನು

ಸಂತೆಕಟ್ಟೆ, ಉಡುಪಿ
ಜುಲೈ 21

ಪ್ರೀತಿಯ ಮಗಳೇ,

ನೀನು ಬೆಂಗಳೂರು ಬಸ್ಸು ಹತ್ತಿ ಇವತ್ತಿಗೆ ಹನ್ನೊಂದು ದಿನ. ದಿನಾ ಫೋನಿನಲ್ಲಿ ಮಾತಾಡುತ್ತೇವೆ. ಊಟ ಆಯ್ತಾ, ಅಲ್ಲಿ ಮಳೆ ಉಂಟಾ, ಅಮ್ಮನಿಗೆ ಕೊಡ್ತೇನೆ, ಅಷ್ಟರಲ್ಲಿ ಮುಗಿಯುತ್ತದೆ. ಹೇಳಬೇಕು ಅಂದುಕೊಂಡದ್ದು ಫೋನಿನಲ್ಲಿ ಬಾಯಿಗೆ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಜೊತೆಗೆ ಒಂದು ಸಣ್ಣ ಪೊಟ್ಟಣ ಇಟ್ಟಿದ್ದೇನೆ. ಪತ್ರ ಓದಿದ ಮೇಲೆ ಬಿಚ್ಚು.

ಮರದ ಬಣ್ಣ ಬಳಿದ ನಿನ್ನ ಪ್ಲಾಸ್ಟಿಕ್ ಮಾದರಿ ವಿಮಾನ ನನ್ನ ಕೈಯಲ್ಲಿ ಹಾಳಾದ ಆ ರಾತ್ರಿ ಯಾರು ಏನು ಹೇಳಿದರು ಅಂತ ಇಬ್ಬರಿಗೂ ನೆನಪುಂಟು. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನನ್ನು ಕಾಡುವುದು ಆ ಬೈಗುಳ ಅಲ್ಲ. ಕಾಡುವುದು ಬೆಳಿಗ್ಗೆ ನೀನು ಹೇಳಿದ ಒಂದು ಮಾತು. "ಪರವಾಗಿಲ್ಲ ಅಪ್ಪ." ಅಷ್ಟು ಹೇಳಿ ಬಣ್ಣದ ಬಾಟಲಿಗಳ ಮುಚ್ಚಳ ಒಂದೊಂದಾಗಿ ಗಟ್ಟಿ ಮಾಡಿದೆ. ವಿಮಾನವನ್ನು ಹಳೇ ಬೈರಾಸಿನಲ್ಲಿ ಸುತ್ತಿ ಪೆಟ್ಟಿಗೆಗೆ ಇಟ್ಟೆ. ಬಸ್ಸಿನಲ್ಲಿ ಯಾರೋ ಕಾಲು ತುಳಿದರೆ ಹೇಳುತ್ತೇವಲ್ಲ, ಹಾಗಿತ್ತು ಆ ಪರವಾಗಿಲ್ಲ. ನೀನು ಬೆಳಿಗ್ಗೆಯೂ ಜಗಳ ಮಾಡಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ನನ್ನ ಮನಸ್ಸಿನಲ್ಲಿ ಏನಿತ್ತು ಅಂತ ಒಮ್ಮೆ ಹೇಳುತ್ತೇನೆ. ಭಾನುವಾರ ನೀನು ಹೊರಡುತ್ತೀ. ನಾಲ್ಕು ತಿಂಗಳು ಕೂತು ಮಾಡಿದ ವಿಮಾನ, ಹೊಳಪು ಬಂದದ್ದನ್ನು ನೀನು ನೋಡಿ ಹೋಗಬೇಕು ಅಂತ ಆಸೆಯಾಯಿತು. ಮೂವತ್ತೊಂದು ವರ್ಷ ಪಾಲಿಶ್ ಕೆಲಸ ಮಾಡಿದವನು ನಾನು. ಬೀಟೆ, ತೇಗ, ಹಲಸು, ಯಾವ ಮರಕ್ಕೆ ಎಷ್ಟು ಕೋಟ್ ಅಂತ ಕೈಗೇ ಗೊತ್ತು. ಎಣ್ಣೆ ಬಣ್ಣ ಒಣಗಲು ಇನ್ನೂ ಒಂದು ವಾರ ಬೇಕು ಅಂತ ನೀನು ಹೇಳಿದ್ದೆ. ನಾನು ಬೆರಳು ಮುಟ್ಟಿಸಿ ನೋಡಿದೆ, ಅಂಟಲಿಲ್ಲ. ಸಾಕು ಅಂದುಕೊಂಡೆ. ಹೊಳಪು ಕೊಡುವ ಲ್ಯಾಕರಿಗೆ ಥಿನ್ನರ್ ಸೇರಿಸಿ ಎಡಬದಿಗೆ ಒಂದು ಕೋಟ್ ಕೊಟ್ಟೆ.

ಒಂದು ನಿಮಿಷ ಚೆನ್ನಾಗಿಯೇ ಇತ್ತು. ನಿಜವಾಗಿ ಚೆನ್ನಾಗಿತ್ತು, ಒದ್ದೆ ಮರದ ಹಾಗೆ. ಮತ್ತೆ ಕಾಕ್‌ಪಿಟ್ಟಿನ ಹಿಂದಿನ ಹಲಗೆಯ ಮೂಲೆಯಲ್ಲಿ ಒಂದು ಸುಕ್ಕು ಎದ್ದಿತು. ಕಾಯಿಸಿದ ಹಾಲು ಆರುವಾಗ ಕೆನೆ ಸುಕ್ಕಾಗುತ್ತದಲ್ಲ, ಹಾಗೆಯೇ. ಅಲ್ಲಿಂದ ಬಾಲದವರೆಗೆ ಹೋಯಿತು. ಒರೆಸಲು ಹೋದೆ. ಬಣ್ಣದ ಜೊತೆ ಅಡಿಯ ಪ್ಲಾಸ್ಟಿಕ್ಕೂ ಮೆತ್ತಗಾಗಿ ಬಟ್ಟೆಗೆ ಅಂಟಿಕೊಂಡಿತು. ಹಲಗೆಯ ಅಂಚಿನ ಸಾಲು ಮೊಳೆಗಳ ಗುರುತು, ನೀನು ಭೂತಗನ್ನಡಿ ಇಟ್ಟು ತೋರಿಸಿದ್ದೆಯಲ್ಲ, ಅದರಲ್ಲಿ ಹದಿನಾಲ್ಕು ಅಳಿಸಿಹೋದವು. ಆಮೇಲೆ ಲೆಕ್ಕ ಹಾಕಿದೆ.

ಥಿನ್ನರ್ ಈ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಮರಕ್ಕೆ ಅದು ಏನೂ ಮಾಡುವುದಿಲ್ಲ. ಆದರೆ ಎಣ್ಣೆಬಣ್ಣ ಮೇಲೆ ಒಣಗಿ ಒಳಗೆ ಹಸಿ ಇರುತ್ತದೆ ಅಂತ ಗೊತ್ತಿತ್ತು. ಮಳೆಗಾಲದಲ್ಲಿ ಇನ್ನೂ ನಿಧಾನ ಅಂತಲೂ ಗೊತ್ತಿತ್ತು. ಈ ಊರಿನಲ್ಲಿ ಜುಲೈ ತಿಂಗಳು ಲ್ಯಾಕರ್ ಹೊಡೆದರೆ ಗಾಳಿಯ ಪಸೆಗೆ ಬಿಳಿ ಹಿಡಿಯುತ್ತದೆ ಅಂತ ಗಿರಾಕಿಗಳಿಗೆ ನಾನೇ ಹೇಳಿ ಕೆಲಸ ಮುಂದೆ ಹಾಕಿದ್ದೇನೆ. ಗೊತ್ತಿದ್ದೂ ಮಾಡಿದೆ. ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ಪಕ್ಕದ ಕೋಣೆಯಲ್ಲೇ ಇದ್ದೆ ನೀನು, ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದೆ. ಬಾಗಿಲು ತಟ್ಟಿ ಕೇಳಿದ್ದರೆ ಆಗಿತ್ತು. ತಪ್ಪು ನನ್ನದು, ಮಗಾ. ಕ್ಷಮಿಸು.

ಇನ್ನೊಂದಕ್ಕೂ ಕ್ಷಮೆ ಕೇಳಬೇಕು. ಪ್ಲಾಸ್ಟಿಕ್ಕಿಗೆ ಮರದ ಬಣ್ಣ ಬಳಿಯುವುದು ಮೋಸದ ಕೆಲಸ ಅಂತ ಶುರುವಿನಲ್ಲಿ ಹೇಳಿದ್ದೆ. ಆ ಮಾತು ನನ್ನದಲ್ಲ, ನನ್ನ ಹಳೇ ಸಿಟ್ಟಿನದು. ನನಗೆ ಕೆಲಸ ಕಲಿಸಿದ ಗುರುಗಳು ಮಾವಿನ ಹಲಗೆಯ ಬಾಗಿಲಿಗೆ ತೇಗದ ಗೀರು ಎಳೆಯುತ್ತಿದ್ದರು. ತೇಗ ಕೊಳ್ಳಲಾಗದ ಮನೆಗಳಿಗೆ. ಅಡಿಗೆ ಹಳದಿ, ಅದರ ಮೇಲೆ ತೆಳ್ಳಗೆ ಕಂದು, ಹಸಿ ಇರುವಾಗಲೇ ಬಾಚಣಿಗೆ ಎಳೆದು ಕೈ ಸ್ವಲ್ಪ ನಡುಗಿಸುವುದು. ಗಂಟು ಬೇಕಾದ ಕಡೆ ಹೆಬ್ಬೆರಳು ಒತ್ತಿ ತಿರುಗಿಸುವುದು. ನನಗೆ ಆಗ ನಾಚಿಕೆಯಾಗುತ್ತಿತ್ತು. ನಿಜವಾದ ಮರಕ್ಕೇ ಪಾಲಿಶ್ ಹಾಕುತ್ತೇನೆ ಅಂತ ಹಟ ಹಿಡಿದೆ, ಗೀರು ಎಳೆಯುವುದನ್ನು ಕಲಿಯಲೇ ಇಲ್ಲ. ಅವರು ಕಲಿಸಲು ತಯಾರಿದ್ದರು. ಈಗ ನೋಡಿದರೆ ನೀನು ಮಾಡುವುದು ಅದೇ ಕೆಲಸ, ಮೂವತ್ತೆರಡು ಪಟ್ಟು ಸಣ್ಣದಾಗಿ. ಅವರು ಇದ್ದಿದ್ದರೆ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು.

ಬಾಲದ ಹತ್ತಿರದ ಗೀರುಗಳು ಸ್ವಲ್ಪ ದಪ್ಪ ಆದವು ಅಂತ ನಾನು ಹೇಳಿದಾಗ ನೀನು ಸ್ಕೇಲ್ ತಂದು ಲೆಕ್ಕ ಮಾಡಿದ್ದು ನೆನಪುಂಟಾ? ಇಲ್ಲಿ ಒಂದು ಮಿಲಿಮೀಟರ್ ಗೀರು ಅಂದರೆ ನಿಜವಾದ ವಿಮಾನದಲ್ಲಿ 32 ಮಿಲಿಮೀಟರ್, ಅಂಥ ಗೀರಿನ ಮರ ಎಲ್ಲಿಯೂ ಇಲ್ಲ, ನೀವು ಹೇಳಿದ್ದು ಸರಿ ಅಂದೆ. ಅದೇ ಸಂಜೆ ಎಲ್ಲ ಒರೆಸಿ ಮತ್ತೆ ಎಳೆದೆ. ಆವತ್ತು ನನಗೆ ಎಷ್ಟು ಹೆಮ್ಮೆಯಾಯಿತು ಅಂತ ಹೇಳಲಿಲ್ಲ. ಪಕ್ಕದ ಮನೆಯವರು ಕೆಲಸ ಸಿಕ್ಕಿದ ಹುಡುಗಿಗೆ ಇದೆಲ್ಲ ಯಾಕೆ ಅಂತ ಕೇಳಿದಾಗಲೂ ಸುಮ್ಮನಿದ್ದೆ. ಉತ್ತರ ಕೊಡಬೇಕಿತ್ತು.

ನೀನು ಹೋದ ಮೇಲೆ ಈ ಆಲ್ಬಟ್ರೋಸ್ ಬಗ್ಗೆ, ನಿನ್ನ ಮಾದರಿಯ ಅಸಲು ಯುದ್ಧವಿಮಾನದ ಬಗ್ಗೆ, ನೀನು ಹೇಳಿದ್ದೆಲ್ಲ ಮತ್ತೆ ಮತ್ತೆ ತಲೆಯಲ್ಲಿ ಸುತ್ತುತ್ತಿದೆ. 1917ರಲ್ಲಿ ಜರ್ಮನಿಯವರು ತೆಳು ಪ್ಲೈವುಡ್ಡನ್ನು ಬಗ್ಗಿಸಿ, ಚೌಕಟ್ಟಿಗೆ ಅಂಟಿಸಿ, ಮೊಳೆ ಹೊಡೆದು ಇಡೀ ವಿಮಾನದ ಮೈ ಮಾಡಿದರಲ್ಲ. ಒಳಗೆ ಬಿಗಿಯಲು ತಂತಿ ಇಲ್ಲ, ಹೊರಗಿನ ಹಲಗೆಯೇ ಭಾರ ಹೊರುತ್ತದೆ. ಹಲಸಿನ ಪೆಟ್ಟಿಗೆಯ ಹಾಗೆ. ಅದಕ್ಕೆ ಎಷ್ಟೋ ವಿಮಾನಗಳ ಮೈಗೆ ಬಣ್ಣವೂ ಬಳಿಯದೆ ಬರೀ ವಾರ್ನಿಶ್ ಹಾಕಿ ಬಿಟ್ಟರು. ಮೈ ಅಷ್ಟು ಗಟ್ಟಿ. ಆದರೆ ಕೆಳಗಿನ ರೆಕ್ಕೆಗೆ ಒಂದೇ ತೊಲೆ, ಅದೂ ತುಂಬಾ ಹಿಂದೆ. ಜೋರಾಗಿ ಕೆಳಗೆ ಇಳಿಯುವಾಗ ರೆಕ್ಕೆಯ ಮುಂದಿನ ಅಂಚು ತಿರುಚಿಕೊಂಡು ಮುರಿಯುತ್ತಿತ್ತು ಅಂದೆ ನೀನು. ಆಮೇಲೆ ಮೇಲಿನ, ಕೆಳಗಿನ ರೆಕ್ಕೆಗಳ ನಡುವಿನ ವಿ ಆಕಾರದ ಕಂಬದ ಬುಡದಿಂದ ಕೆಳಗಿನ ರೆಕ್ಕೆಯ ಮುಂದಿನ ಅಂಚಿಗೆ ಒಂದು ಗಿಡ್ಡ ಕಡ್ಡಿ ಆಸರೆ ಕೊಟ್ಟರು. ನಿನ್ನ ವಿಮಾನದಲ್ಲಿಯೂ ಆ ಕಡ್ಡಿ ಉಂಟು, ಬೆಂಕಿಕಡ್ಡಿಯ ಅರ್ಧವೂ ಇಲ್ಲ.

ರಾತ್ರಿ ಮಳೆ ಹೊಡೆಯುವಾಗ ಆ ಕಡ್ಡಿ ನೆನಪಾಗುತ್ತದೆ. ನೀನು ಅಲ್ಲಿ ಒಬ್ಬಳೇ. ಕೋಣೆಯಲ್ಲಿ ಇನ್ನೊಬ್ಬಳು ಇದ್ದಾಳೆ ಅಂದೆ, ಅವಳ ಜೊತೆ ಮಾತಾಡು, ಜ್ವರ ಬಂದರೆ ಅವಳಿಗೆ ಹೇಳು, ಎಲ್ಲ ನಾನೇ ನೋಡಿಕೊಳ್ಳುತ್ತೇನೆ ಅಂತ ಇರಬೇಡ. ಆ ಗುಣ ನನ್ನಿಂದ ಬಂದದ್ದು, ಅದಕ್ಕೇ ಹೆದರಿಕೆ.

ಅಲ್ಲಿ ಬಣ್ಣದ ಕೆಲಸ ಶುರು ಮಾಡಿದರೆ ಕಿಟಕಿ ತೆರೆದಿಡು. ಚಳಿ ಅಂತ ಮುಚ್ಚಬೇಡ. ಬಟ್ಟೆಯ ಮಾಸ್ಕ್ ಧೂಳಿಗೆ ಮಾತ್ರ, ಥಿನ್ನರಿನ ಆವಿಯನ್ನು ಅದು ತಡೆಯುವುದಿಲ್ಲ. ಎರಡು ಬದಿ ಆವಿ ತಡೆಯುವ ಡಬ್ಬಿ ಇರುವ ರಬ್ಬರ್ ಮಾಸ್ಕ್ ತೆಗೆದುಕೋ, ದುಡ್ಡು ನಾನು ಕಳಿಸುತ್ತೇನೆ. ಬಣ್ಣದ ಮೇಜಿನಲ್ಲಿ ಚಾ ಇಟ್ಟುಕೊಳ್ಳಬೇಡ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಬಿಸಾಡಬೇಡ, ಅದು ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹಾಕಿ ಒಣಗಿಸು. ಬೆಳಿಗ್ಗೆ ನನ್ನ ಕೆಮ್ಮು ನೀನು ಚಿಕ್ಕವಳಿರುವಾಗಿಂದ ಕೇಳುತ್ತಿದ್ದೀ. ನಮ್ಮ ಕಾಲದಲ್ಲಿ ಯಾರೂ ಹೇಳಲಿಲ್ಲ, ಹೇಳಿದ್ದರೂ ಕೇಳುತ್ತಿರಲಿಲ್ಲ. ನೀನು ಕೇಳಬೇಕು.

ಕ್ಷಮೆ ಕೇಳಲು ಕೂತವನು ಮತ್ತೆ ಪಾಠ ಹೇಳುತ್ತಿದ್ದೇನೆ. ಇರಲಿ, ಇದನ್ನು ಹರಿದು ಮತ್ತೆ ಬರೆಯುವುದಿಲ್ಲ.

ಈಗ ಪೊಟ್ಟಣದ ವಿಷಯ. ಒಳಗೆ ಹನ್ನೆರಡು ಪ್ಲಾಸ್ಟಿಕ್ ಸ್ಪೂನುಗಳಿವೆ. ನೀನು ಹೋದ ದಿನದಿಂದ ದಿನಾ ಒಂದೊಂದಕ್ಕೆ ಮರದ ಗೀರು ಎಳೆದು ಅಭ್ಯಾಸ ಮಾಡಿದ್ದು, ಒಂದು ದಿನ ಎರಡಕ್ಕೆ. ಹಿಡಿಯ ಹಿಂದೆ ನಂಬರ್ ಬರೆದಿದ್ದೇನೆ. ನೀನು ಮೇಜಿನಲ್ಲಿ ಬಿಟ್ಟುಹೋದ ಟಾಮಿಯಾ ಕಂಪನಿಯ ತಿಳಿ ಕಂದು ಬಣ್ಣ, ಡೆಕ್ ಟ್ಯಾನ್, ಅಡಿಗೆ. ಎಣ್ಣೆಬಣ್ಣ ಬರ್ನ್ಟ್ ಅಂಬರ್, ರಾ ಸಿಯೆನಾ ಎರಡೇ. ನೀನು ಮಾಡಿದ ಹಾಗೆ ಟ್ಯೂಬಿನಿಂದ ರಟ್ಟಿನ ಮೇಲೆ ಹಿಂಡಿ ರಾತ್ರಿಯಿಡೀ ಬಿಟ್ಟೆ, ರಟ್ಟು ಎಣ್ಣೆ ಕುಡಿಯಲಿ ಅಂತ. ಮೊದಲ ಮೂರು ಹಾಳು. ಬ್ರಷ್ಷಿನಲ್ಲಿ ಬಣ್ಣ ಜಾಸ್ತಿಯಾಗಿ ಬರೀ ಕಂದಾಗಿದೆ. ನಾಲ್ಕರಿಂದ ಆರರವರೆಗೆ ಗೀರು ನೆಟ್ಟಗೆ, ತೇಗದ ಹಾಗೆ. ಕೈಗೆ ಅಭ್ಯಾಸ ಆದದ್ದು ಅದು.

ಆರನೆಯದು ಮುಗಿಸಿ ರಾತ್ರಿ ಮಲಗಿದಾಗ ತಲೆಗೆ ಹೋಯಿತು. ಪ್ಲೈವುಡ್ಡಿನ ಪದರ ಸೀಳಿದ್ದಲ್ಲ, ಸುಲಿದದ್ದು. ದಿಮ್ಮಿಯನ್ನು ತಿರುಗಿಸಿ ಚಾಪೆ ಬಿಚ್ಚಿದ ಹಾಗೆ ಸುಲಿಯುತ್ತಾರೆ. ಅದರಲ್ಲಿ ಗೀರು ನೆಟ್ಟಗೆ ಬರುವುದಿಲ್ಲ, ಗುಡ್ಡೆಯ ಮೇಲೆ ಗುಡ್ಡೆ ಇಟ್ಟ ಹಾಗೆ ಅಗಲವಾಗಿ ಅಲೆ ಬರುತ್ತದೆ. ಬೆಳಿಗ್ಗೆ ಎದ್ದು ಹಳೇ ಬ್ರಷ್ಷಿನ ಕೂದಲನ್ನು ಅಲ್ಲಲ್ಲಿ ಕತ್ತರಿಸಿದೆ. ಬಣ್ಣವನ್ನು ಕಾಗದಕ್ಕೆ ಒರೆಸಿ ಹೆಚ್ಚುಕಡಿಮೆ ಖಾಲಿ ಮಾಡಿದೆ. ಒಂದೇ ಉಸಿರಿನಲ್ಲಿ, ಮಣಿಕಟ್ಟು ಸ್ವಲ್ಪ ತಿರುಗಿಸಿ ಎಳೆದೆ. ಏಳನೇ ನಂಬರಿನ ಸ್ಪೂನು ಅದು. ಅಮ್ಮ ಮರದ ಸೌಟು ಅಂತ ಕೈಗೆತ್ತಿಕೊಂಡಳು.

ಅದರ ಮೇಲೆ ಇನ್ನೂ ಕ್ಲಿಯರ್ ಆರೆಂಜ್, ಆ ಪಾರದರ್ಶಕ ಕಿತ್ತಳೆ ಬಣ್ಣ, ಹಾಕಿಲ್ಲ. ಅಕ್ಕಿ ಡಬ್ಬದ ಪಕ್ಕ, ಒಲೆಯ ಬಿಸಿ ತಾಗುವ ಕಡೆ ಒಣಗಲು ಇಟ್ಟಿದ್ದೆ. ಕಳಿಸುವ ಮುಂಚೆ ಉಗುರಿನಲ್ಲಿ ಒತ್ತಿ ನೋಡಿದೆ, ಗುರುತು ಬೀಳಲಿಲ್ಲ. ಆದರೂ ನೀನು ಇನ್ನು ನಾಲ್ಕು ದಿನ ಬಿಟ್ಟು ಮುಟ್ಟು. ಟ್ಯೂಬ್‌ಲೈಟಿನಲ್ಲಿ ನೋಡಬೇಡ, ಕಿಟಕಿಯ ಹತ್ತಿರ ಹಿಡಿದು ನೋಡು.

ವಿಮಾನ ಪೆಟ್ಟಿಗೆಯಲ್ಲೇ ಉಂಟು, ನಾನು ಬಿಚ್ಚಿಲ್ಲ. ಎಡಬದಿಯನ್ನು ಸ್ಯಾಂಡ್ ಪೇಪರ್ ಹಾಕಿ ಉಜ್ಜಿ, ಅಳಿಸಿದ ಮೊಳೆಗಳ ಗುರುತನ್ನು ಸೂಜಿಯಲ್ಲಿ ಮತ್ತೆ ಚುಚ್ಚಿ, ಅಡಿಯಿಂದ ಬಣ್ಣ ಕೊಡಬಹುದು ಅಂತ ಅನಿಸುತ್ತದೆ. ಒಂದು ಹಲಗೆ ಮುಗಿದ ಮೇಲೆ ಅದಕ್ಕೆ ಟೇಪ್ ಅಂಟಿಸಿ ಪಕ್ಕದ್ದು. ಎರಡು ಹಲಗೆಯ ಗೀರು ಸೇರಬಾರದು ಅಂತ ನೀನು ಹೇಳಿದ್ದು ಗೊತ್ತು. ಆದರೆ ನೀನು ಹೇಳದೆ ಪೆಟ್ಟಿಗೆ ತೆರೆಯುವುದಿಲ್ಲ. ಚೌತಿಗೆ ಬಂದಾಗ ನೀನೇ ಮಾಡುತ್ತೀ ಅಂದರೆ ಹಾಗೇ ಇರಲಿ. ನಾನು ಮಾಡಬಹುದು ಅಂದರೆ ಸ್ಪೂನಿನ ನಂಬರ್ ಹೇಳು, ಯಾವುದರ ಹಾಗೆ ಬೇಕು ಅಂತ. ಮತ್ತೆ ಕಾಕ್‌ಪಿಟ್ಟಿನ ಹಿಂದಿನ ಹಲಗೆಯ ಗೀರು ಬಾಲದ ಕಡೆಗೆ ಹೋಗಬೇಕಾ, ಮೇಲಿಂದ ಕೆಳಗಾ? ಬಲಬದಿ ನೋಡಿದರೆ ಗೊತ್ತಾಗುತ್ತದೆ, ಆದರೆ ಅದಕ್ಕೂ ಪೆಟ್ಟಿಗೆ ತೆರೆಯಬೇಕು.

ಅಮ್ಮ ಪತ್ರೊಡೆ ಮಾಡಿದ್ದಾಳೆ. ಕೊರಿಯರಿನಲ್ಲಿ ಹಾಳಾಗುತ್ತದೆ ಅಂತ ಕಳಿಸಲಿಲ್ಲ.

ನಿನ್ನ
ಅಪ್ಪ