ಕಾಡ್ ಮೀನಿನ ಲೆಕ್ಕವನ್ನೂ ಓದು

ಚಿ. ಮೇಘನಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಪ್ರಬಂಧದ ಕರಡು ಓದಿದೆ. ‘ಆರ್ಕ್ಟಿಕ್‌ನಲ್ಲಿ ಸಹಕಾರದ ಕಾಲ ಮುಗಿಯಿತು’ ಎಂದು ಶುರುವಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದೀಯ. ನಿನ್ನ ಬೇಸರ ಅರ್ಥವಾಗುತ್ತದೆ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿದ ಬೆನ್ನಿಗೇ, 2022ರ ಮಾರ್ಚ್‌ನಲ್ಲಿ, ಉತ್ತರ ಧ್ರುವದ ಸುತ್ತಲಿನ ದೇಶಗಳ ಕೂಟವಾದ ಆರ್ಕ್ಟಿಕ್ ಕೌನ್ಸಿಲ್‌ನ ಎಂಟು ದೇಶಗಳಲ್ಲಿ ರಷ್ಯಾ ಬಿಟ್ಟು ಉಳಿದ ಏಳೂ ಅದರ ಸಭೆಗಳಿಂದ ದೂರ ಉಳಿದವು. ಆಗ ಅಧ್ಯಕ್ಷತೆ ರಷ್ಯಾದ್ದು. ಆಮೇಲೆ ಫಿನ್ಲೆಂಡ್, ಸ್ವೀಡನ್ ಎರಡೂ ನ್ಯಾಟೊ ಸೇರಿದವು. ಆದರೆ ಕೌನ್ಸಿಲನ್ನು ಹುಟ್ಟುಹಾಕಿದ 1996ರ ಒಟ್ಟಾವಾ ಘೋಷಣೆಯ ಅಡಿಟಿಪ್ಪಣಿ ನೋಡು. ಸೇನಾ ಭದ್ರತೆಯ ವಿಷಯವನ್ನು ಕೌನ್ಸಿಲ್ ಕೈಗೆತ್ತಿಕೊಳ್ಳಬಾರದು ಎಂದು ಅಲ್ಲೇ ಬರೆದಿದೆ. ವಹಿಸದ ಕೆಲಸದಲ್ಲಿ ಸೋತಿತು ಎಂದು ದೂರುವುದು ನ್ಯಾಯವಲ್ಲ.

ಕಾಡ್ ಮೀನಿನ ಕಡೆ ನೋಡು ಮಗಳೇ. ನಾರ್ವೆ, ರಷ್ಯಾಗಳ ಉತ್ತರಕ್ಕಿರುವ ಬೇರೆಂಟ್ಸ್ ಸಮುದ್ರದ ಕಾಡ್ ಚಳಿಗಾಲದ ಕೊನೆಗೆ ದಕ್ಷಿಣಕ್ಕೆ ಈಜಿ ನಾರ್ವೆಯ ಲೊಫೊಟೆನ್ ದ್ವೀಪಗಳ ಬಳಿ ಮೊಟ್ಟೆಯಿಡುತ್ತದೆ. ಮೊಟ್ಟೆ, ಮರಿಗಳು ಪ್ರವಾಹದೊಂದಿಗೆ ಉತ್ತರಕ್ಕೆ ತೇಲಿಹೋಗಿ ರಷ್ಯಾದ ನೀರಿನಲ್ಲೂ ಬೆಳೆಯುತ್ತವೆ. ಅತ್ತ ಮರಿಗಳನ್ನೇ ಹಿಡಿದು ಮುಗಿಸಿದರೆ ಲೊಫೊಟೆನ್‌ನ ಬಲೆ ಖಾಲಿ. ಇತ್ತ ಮೊಟ್ಟೆಯಿಡುವ ಮೀನನ್ನೆಲ್ಲ ಬಾಚಿಕೊಂಡರೆ ರಷ್ಯಾದ ಬಂದರು ಮೂರ್ಮನ್ಸ್ಕ್‌ನ ದೋಣಿಗಳಿಗೆ ಕೆಲಸವಿಲ್ಲ. ಅದಕ್ಕೇ ಶೀತಲ ಸಮರದ ನಡುವೆಯೂ, 1970ರ ದಶಕದಲ್ಲಿ, ನಾರ್ವೆ ಮತ್ತು ಸೋವಿಯತ್ ಒಕ್ಕೂಟ ಜಂಟಿ ಮೀನುಗಾರಿಕಾ ಆಯೋಗ ಮಾಡಿಕೊಂಡವು. 2022ರ ನಂತರವೂ ಅದರ ಮಾತುಕತೆ ನಿಂತಿಲ್ಲ. ಮೀನು ಕಡಿಮೆಯಾದಾಗ, 2025ರ ಕಾಡ್ ಕೋಟಾವನ್ನು, ಅಂದರೆ ಆ ವರ್ಷ ಹಿಡಿಯಬಹುದಾದ ಮೀನಿನ ಮಿತಿಯನ್ನು, 3,40,000 ಟನ್ನಿಗೆ, ಅಂದರೆ ಸುಮಾರು ಕಾಲುಭಾಗ, ಇಳಿಸಲು ಎರಡೂ ಕಡೆಯವರು ಒಪ್ಪಿದರು. ತಮ್ಮ ತಮ್ಮ ಮೀನುಗಾರರ ಹೊಟ್ಟೆಪಾಡಿಗೆ ಕೈಹಾಕುವ ಇಂಥ ನಿರ್ಧಾರ ಯಾವ ಸರ್ಕಾರಕ್ಕೂ ಸುಲಭವಲ್ಲ. ನಿನ್ನ ಕರಡಿನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ!

ಇನ್ನೊಂದು. ಮಂಜು ಕರಗಿ ಉತ್ತರ ಧ್ರುವದ ನಡುಗಡಲು ತೆರೆದುಕೊಳ್ಳುವ ಮುಂಚೆಯೇ, ಅಲ್ಲಿ ವಾಣಿಜ್ಯ ಮೀನುಗಾರಿಕೆಯನ್ನು ತಡೆಹಿಡಿಯುವ ಒಪ್ಪಂದಕ್ಕೆ 2018ರಲ್ಲಿ ರಷ್ಯಾ, ಅಮೆರಿಕ, ಚೀನಾ, ಐರೋಪ್ಯ ಒಕ್ಕೂಟ ಸೇರಿ ಹತ್ತು ಪಕ್ಷಗಳು ಸಹಿ ಹಾಕಿವೆ. ಲಾಭದ ರುಚಿ ಹತ್ತುವ ಮೊದಲೇ ಮಾಡಿಕೊಂಡದ್ದರಿಂದ ಅದು ಸಾಧ್ಯವಾಯಿತು ಎಂಬುದು ನನ್ನ ಅಂದಾಜು.

ಹಾಗೆಂದು ಎಲ್ಲ ಸರಿಯಿದೆ ಎನ್ನುತ್ತಿಲ್ಲ. ನನಗೆ ಕ್ಷಿಪಣಿಗಳಿಗಿಂತ ಹೆಚ್ಚು ಚಿಂತೆ ಥರ್ಮಾಮೀಟರ್‌ಗಳದ್ದು. 1979ರಿಂದೀಚೆಗೆ ಆರ್ಕ್ಟಿಕ್ ಭೂಮಿಯ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗಿದೆ. ಆ ಸಾಗರದ ಕರಾವಳಿಯ ಅರ್ಧಕ್ಕಿಂತ ಹೆಚ್ಚು ರಷ್ಯಾದ್ದು. ಸೈಬೀರಿಯಾದಲ್ಲಿ ನೆಲದಡಿಯ ಹೆಪ್ಪು ಎಷ್ಟು ಕರಗಿತು ಎಂಬ ಅಳತೆ ಹೊರಗಿನ ವಿಜ್ಞಾನಿಗಳ ಕೈಗೆ ಸರಿಯಾಗಿ ಸಿಗದಿದ್ದರೆ ಇಡೀ ಲೋಕದ ಹವಾಮಾನದ ಲೆಕ್ಕವೇ ಕುರುಡಾಗುತ್ತದೆ. ನಾರ್ವೆಯ ಆರ್ಕ್ಟಿಕ್ ದ್ವೀಪಸಮೂಹ ಸ್ವಾಲ್ಬಾರ್ಡ್‌ನಲ್ಲಿ ನಮ್ಮ ‘ಹಿಮಾದ್ರಿ’ ಸಂಶೋಧನಾ ಕೇಂದ್ರ 2008ರಿಂದ ಇದೆ. ರಷ್ಯಾ, ಪಶ್ಚಿಮದ ದೇಶಗಳು ಎರಡೂ ಕಡೆಯವರೊಡನೆ ಮಾತಾಡಬಲ್ಲ ಭಾರತ ಇಲ್ಲಿ ಮಾಡಬೇಕಾದ್ದು ಬಹಳವಿದೆ.

ರಷ್ಯನ್ ತರಗತಿ ಬಿಡುವ ಯೋಚನೆಯಲ್ಲಿದ್ದೀಯಂತೆ, ನಿನ್ನಪ್ಪ ಹೇಳಿದ. ದಯವಿಟ್ಟು ಬಿಡಬೇಡ. ಸೈನ್ಯದ ನಕಾಶೆ ಓದುವವರು ಬೇಕಾದಷ್ಟು ಜನ ಸಿಗುತ್ತಾರೆ. ಆ ಮೀನುಗಾರಿಕಾ ಆಯೋಗದ ವಾರ್ಷಿಕ ನಡಾವಳಿಗಳನ್ನು ನಾರ್ವೇಜಿಯನ್, ರಷ್ಯನ್ ಎರಡೂ ಭಾಷೆಯಲ್ಲಿ ಓದಬಲ್ಲ ಹುಡುಗರು ಕಡಿಮೆ. ಅವುಗಳನ್ನು ಓದಿ, ಎರಡನೇ ಅಧ್ಯಾಯ ಹೊಸದಾಗಿ ಬರೆದು ಕಳಿಸು. ಕಾಯುತ್ತಿರುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ