ಮಗಳಿಗೊಂದು ಪತ್ರ: ಲೇಸರ್‌ಗೆ ಕೂರುವ ಮೊದಲು

ಪ್ರೀತಿಯ ಪುಟ್ಟಿ,

ಮೊಡವೆಗೆ ಲೇಸರ್ ಮಾಡಿಸಲೇ ಬೇಡವೇ ಎಂದು ಕೇಳಿದ್ದೀಯ. ಉತ್ತರ ಹೇಳುವ ಮೊದಲು ನೀನೊಂದು ಕೆಲಸ ಮಾಡಬೇಕು. ಹಗಲು ಹೊತ್ತಿನಲ್ಲಿ ಕಿಟಕಿಯ ಬೆಳಕು ಪಕ್ಕದಿಂದ ಬೀಳುವ ಹಾಗೆ ಕನ್ನಡಿ ಹಿಡಿದು ಕೂತುಕೋ. ಬಣ್ಣವಿಲ್ಲದ, ತಳ ಚಪ್ಪಟೆಯಾದ ಗಾಜಿನ ಲೋಟವೊಂದನ್ನು ತೊಳೆದು ಒರೆಸಿ, ಕೆನ್ನೆಯ ಮೇಲಿನ ಒಂದೊಂದು ಕಲೆಗೂ ಮೆಲ್ಲಗೆ ಒತ್ತಿ, ಗಾಜಿನ ಮೂಲಕ ನೋಡು. ಒತ್ತಿದಾಗ ಬಣ್ಣ ಮಾಯವಾಗಿ ಬಿಟ್ಟಾಗ ಮತ್ತೆ ಕೆಂಪೇರಿದರೆ ಅದು ಹಿಗ್ಗಿದ ರಕ್ತನಾಳಗಳ ಕೆಂಪು. ಒತ್ತಿದರೂ ಹಾಗೇ ಉಳಿದರೆ ಅದು ಕಂದು ಕಲೆ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಅಲ್ಲಿ ಕೂತಿದೆ. ಪಕ್ಕದ ಬೆಳಕಿಗೆ ನೆರಳು ಬಿದ್ದ ಜಾಗಗಳು ಕಲೆಗಳಲ್ಲ, ಗುಂಡಿಗಳು. ಮುಟ್ಟಿದರೆ ನೋಯುವ, ಕೀವು ಕಟ್ಟಿದ, ಒಳಗೆ ಗಂಟಾದವು ಇನ್ನೂ ಬದುಕಿರುವ ಮೊಡವೆಗಳು.

ಈ ನಾಲ್ಕಕ್ಕೂ ಜನ ‘ಮೊಡವೆ’ ಅನ್ನುತ್ತಾರೆ. ನಾಲ್ಕಕ್ಕೂ ಮಾಡುವ ಬೇರೆ ಬೇರೆ ಚಿಕಿತ್ಸೆಗೆ ‘ಲೇಸರ್’ ಅನ್ನುತ್ತಾರೆ. ಲೇಸರ್ ಮಾಡಿಸಿ ಮೋಸಹೋದೆವು ಎನ್ನುವವರ ಮಾತನ್ನು ಕೂತು ಕೇಳಿದರೆ, ಬಹಳಷ್ಟು ಸಲ ತಪ್ಪು ಮೆಷಿನ್ನಿನದಾಗಿರುವುದಿಲ್ಲ. ಗುಂಡಿಗೆ ಬೇಕಾದದ್ದು ಕಲೆಗೆ ಬಿದ್ದಿರುತ್ತದೆ, ಅಥವಾ ಮೊಡವೆ ಇನ್ನೂ ಏಳುತ್ತಿರುವ ಮುಖದಲ್ಲಿ ಗುಂಡಿ ತುಂಬಿಸಲು ಹೊರಟಿರುತ್ತಾರೆ. ಹೊಸ ಮೊಡವೆ ಬರುತ್ತಿರುವವರೆಗೂ ಹೊಸ ಗುಂಡಿ ಆಗುತ್ತಲೇ ಇರುತ್ತದೆ. ಆದ್ದರಿಂದ ಮೊದಲು ಮೊಡವೆ ನಿಲ್ಲಬೇಕು. ಈ ಕ್ರಮ ಮಾತ್ರ ತಪ್ಪಿಸಬೇಡ.

ಏಳುತ್ತಿರುವ ಮೊಡವೆಗೆ ಇವತ್ತಿಗೂ ಮೊದಲ ದಾರಿ ಔಷಧಿಯೇ: ಹಚ್ಚಲು ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್‌ನಂಥ ರೆಟಿನಾಯ್ಡ್ ಕ್ರೀಮು, ಬೇಕಾದರೆ ಕೆಲವು ವಾರ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್ ಮಾತ್ರೆ, ತೀವ್ರವಾಗಿದ್ದರೆ ಐಸೊಟ್ರೆಟಿನಾಯಿನ್ ಮಾತ್ರೆ. ಅಮೆರಿಕದ ಚರ್ಮತಜ್ಞರ ಅಕಾಡೆಮಿ 2024ರ ಮಾರ್ಗಸೂಚಿಯಲ್ಲಿ, ಮೊಡವೆಗೆ ಲೇಸರ್ ಮಾಡಿಸಿ ಎಂದು ಶಿಫಾರಸು ಮಾಡುವಷ್ಟು ಪುರಾವೆ ಇನ್ನೂ ಇಲ್ಲ ಎಂದಿದೆ. ಕ್ರೀಮನ್ನು ಎರಡು ವಾರ ಹಚ್ಚಿ ಬಿಟ್ಟವರು ‘ಔಷಧಿ ಕೆಲಸ ಮಾಡಲಿಲ್ಲ’ ಅನ್ನುತ್ತಾರೆ. ಕೆಲಸ ಮಾಡುತ್ತದೋ ಇಲ್ಲವೋ ಗೊತ್ತಾಗಲು ಎಂಟರಿಂದ ಹನ್ನೆರಡು ವಾರ ಬೇಕು, ಪುಟ್ಟಿ. ಮುಟ್ಟು ಏರುಪೇರಾಗುತ್ತಿದ್ದರೆ, ದವಡೆಯ ಅಂಚಿನಲ್ಲೇ ಗಂಟುಗಳು ಏಳುತ್ತಿದ್ದರೆ, ಗದ್ದದ ಮೇಲೆ ಒರಟು ಕೂದಲು ಬರುತ್ತಿದ್ದರೆ ಹಾರ್ಮೋನ್ ಪರೀಕ್ಷೆ ಮೊದಲಾಗಲಿ. ಆ ಕಾರಣವನ್ನು ಯಾವ ಬೆಳಕೂ ತೆಗೆಯುವುದಿಲ್ಲ.

ಮಾತ್ರೆ ಒಗ್ಗದವರಿಗೆ, ಬೇಡವೆನ್ನುವವರಿಗೆ ಈಚೆಗೆ ಬಂದಿರುವುದು 1726 ನ್ಯಾನೊಮೀಟರ್ ಲೇಸರ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ 2022ರಲ್ಲಿ ಅನುಮತಿ ಕೊಟ್ಟಿತು. ಈ ತರಂಗಾಂತರದ ಬೆಳಕನ್ನು ನೀರಿಗಿಂತ ಚರ್ಮದ ಎಣ್ಣೆ ಹೆಚ್ಚಾಗಿ ಹೀರುತ್ತದೆ. ಹಾಗಾಗಿ ಎಣ್ಣೆಗ್ರಂಥಿ ಬಿಸಿಯಾಗಿ ಕುಗ್ಗುತ್ತದೆ, ಅದೇ ಹೊತ್ತಿಗೆ ಮೇಲಿನ ಪದರವನ್ನು ಮೆಷಿನ್ ತಂಪಾಗಿಡುತ್ತದೆ. ಮೆಲನಿನ್ ಈ ಬೆಳಕನ್ನು ಅಷ್ಟಾಗಿ ಹೀರದ ಕಾರಣ ಗಾಢ ಬಣ್ಣದ ಚರ್ಮಕ್ಕೂ ಸುಡುವ ಭಯ ಕಡಿಮೆ. ಸಾಮಾನ್ಯವಾಗಿ ಮೂರು ಸಿಟ್ಟಿಂಗ್, ಒಂದೊಂದೂ ಸುಮಾರು ಅರ್ಧ ಗಂಟೆ, ನಡುವೆ ಕೆಲವು ವಾರಗಳ ಬಿಡುವು. ಮಾಡಿಸಿಕೊಂಡವರನ್ನು ಹೆಚ್ಚು ಕಂಗೆಡಿಸುವುದು ನೋವಲ್ಲ, ಮೊದಲ ಸಿಟ್ಟಿಂಗ್ ಆದ ಮೇಲೆ ಮೊಡವೆ ಒಮ್ಮೆಲೇ ಹೆಚ್ಚಾಗುವುದು. ಇದನ್ನು ಮೊದಲೇ ಹೇಳದಿದ್ದರೆ ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಫಲ ಕಾಣುವುದು ನಿಧಾನ, ಕೊನೆಯ ಸಿಟ್ಟಿಂಗ್ ಮುಗಿದು ಮೂರರಿಂದ ಆರು ತಿಂಗಳಾದಾಗ ನೋಡಬೇಕು. ನೀಲಿ ದೀಪದ ಚಿಕಿತ್ಸೆ ಇದಲ್ಲ. 415 ನ್ಯಾನೊಮೀಟರ್ ಆಸುಪಾಸಿನ ಆ ನೀಲಿ ಬೆಳಕು ಮೊಡವೆಯ ಬ್ಯಾಕ್ಟೀರಿಯಾದೊಳಗಿನ ಪಾರ್ಫಿರಿನ್ ಎಂಬ ವಸ್ತುವನ್ನು ಕೆರಳಿಸಿ ಆ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎಣ್ಣೆಗ್ರಂಥಿ ಹಾಗೇ ಇರುವುದರಿಂದ ನಿಲ್ಲಿಸಿದ ಮೇಲೆ ಮೊಡವೆ ಮರಳುವುದೇ ಹೆಚ್ಚು.

ಗಾಜಿನಡಿ ಮಾಯವಾದ ಕೆಂಪಿಗೆ 585 ಅಥವಾ 595 ನ್ಯಾನೊಮೀಟರ್‌ನ ಪಲ್ಸ್ಡ್ ಡೈ ಲೇಸರ್ ಹೊಂದುತ್ತದೆ. ಅದರ ಬೆಳಕನ್ನು ರಕ್ತದ ಹಿಮೊಗ್ಲೋಬಿನ್ ಹೀರುತ್ತದೆ. ಶಕ್ತಿ ಜಾಸ್ತಿ ಇಟ್ಟರೆ ಏಟು ಬಿದ್ದ ಹಾಗೆ ನೇರಳೆ ಬಣ್ಣದ ಗುರುತಾಗಿ ಒಂದು ವಾರಕ್ಕೂ ಮೀರಿ ಇರಬಹುದು. ಬಣ್ಣ ಗಾಢವಾದಷ್ಟೂ ಮೆಲನಿನ್ ಕೂಡ ಅದನ್ನು ಹೀರುವುದರಿಂದ ಎಚ್ಚರ ಬೇಕು.

ಗಾಜಿನಡಿ ಉಳಿದ ಕಂದು ಕಲೆಗೆ ಲೇಸರ್ ಬೇಡ ಅನ್ನುವುದೇ ನನ್ನ ಅಭಿಪ್ರಾಯ, ಕನಿಷ್ಠ ಈಗಲೇ ಬೇಡ. ಅವು ತಾವಾಗಿಯೇ ತಿಂಗಳುಗಳಲ್ಲಿ ತಿಳಿಯಾಗುತ್ತವೆ. ಸನ್‌ಸ್ಕ್ರೀನ್, ಅಜೆಲಾಯಿಕ್ ಆಸಿಡ್, ರೆಟಿನಾಯ್ಡ್ ಸೇರಿದರೆ ಇನ್ನೂ ಬೇಗ. ಉರಿಯೂತದಿಂದ ಹುಟ್ಟಿದ ಬಣ್ಣಕ್ಕೆ ಮತ್ತೆ ಶಾಖ ಕೊಟ್ಟರೆ ಇನ್ನಷ್ಟು ಕಪ್ಪಾಗುವುದುಂಟು.

ಇನ್ನು ಗುಂಡಿಗಳು. ನಿನ್ನ ಮನಸ್ಸಿಗೆ ಹೆಚ್ಚು ನೋವು ಕೊಡುತ್ತಿರುವುದು ಇವೇ ಎಂದು ಗೊತ್ತು. ಇವೂ ಒಂದೇ ಬಗೆಯವಲ್ಲ. ಸೂಜಿ ಚುಚ್ಚಿದ ಹಾಗೆ ಕಿರಿದಾಗಿ ಆಳಕ್ಕಿಳಿದವು ಐಸ್‌ಪಿಕ್. ಅಗಲ ತಳ, ಕಡಿದಾದ ಅಂಚು ಇದ್ದರೆ ಬಾಕ್ಸ್‌ಕಾರ್. ಅಲೆಯ ಹಾಗೆ ತಗ್ಗುದಿಣ್ಣೆಯಾಗಿ, ಎರಡು ಬೆರಳಿನಿಂದ ಚರ್ಮ ಎಳೆದು ಹಿಡಿದಾಗ ಸಮವಾಗುವವು ರೋಲಿಂಗ್. ರೋಲಿಂಗ್ ಗುಂಡಿಯನ್ನು ಒಳಗಿನಿಂದ ನಾರಿನ ಎಳೆಗಳು ಕೆಳಗೆ ಜಗ್ಗಿ ಹಿಡಿದಿರುತ್ತವೆ. ಸೂಜಿ ಹಾಕಿ ಆ ಎಳೆಗಳನ್ನು ಬಿಡಿಸುವ ಸಬ್‌ಸಿಷನ್ ಮಾಡದೆ ಮೇಲಿಂದ ಎಷ್ಟು ಲೇಸರ್ ಹೊಡೆದರೂ ಚರ್ಮ ಮೇಲೇಳುವುದು ಅಷ್ಟಕ್ಕಷ್ಟೆ. ಐಸ್‌ಪಿಕ್‌ಗೆ ಗಾಢ ಆಸಿಡನ್ನು ಕಡ್ಡಿಯ ತುದಿಯಿಂದ ಗುಂಡಿಯೊಳಕ್ಕೇ ಇಡುವ ಟಿಸಿಎ ಕ್ರಾಸ್ ಇದೆ. ಆಳವಿಲ್ಲದ ಬಾಕ್ಸ್‌ಕಾರ್‌ಗೆ, ಒಟ್ಟಾರೆ ಒರಟುತನಕ್ಕೆ ಫ್ರಾಕ್ಷನಲ್ ಲೇಸರ್ ಒಳ್ಳೆಯದು. ಒಂದೇ ಮುಖದಲ್ಲಿ ಮೂರೂ ಇರುವುದು ಸಾಮಾನ್ಯ, ಆದ್ದರಿಂದ ಒಂದೇ ಉಪಾಯದಿಂದ ಎಲ್ಲ ಸರಿಮಾಡುತ್ತೇನೆ ಅನ್ನುವವರ ಹತ್ತಿರ ಹೋಗಬೇಡ.

ಫ್ರಾಕ್ಷನಲ್ ಅಂದರೆ ಬೆಳಕು ಇಡೀ ಚರ್ಮವನ್ನು ಸುಡುವುದಿಲ್ಲ. ಜರಡಿಯ ಕಣ್ಣುಗಳ ಹಾಗೆ ಸಣ್ಣ ಸಣ್ಣ ಕಂಬಗಳಷ್ಟೇ ಗಾಯವಾಗುತ್ತವೆ. ನಡುವೆ ಉಳಿದ ಆರೋಗ್ಯವಂತ ಚರ್ಮ ಅವನ್ನು ಬೇಗ ಮುಚ್ಚುತ್ತದೆ, ಒಳಗೆ ಚರ್ಮವನ್ನು ಗಟ್ಟಿಯಾಗಿ ಹಿಡಿದಿಡುವ ಕೊಲಾಜೆನ್ ಎಂಬ ನಾರು ಹೊಸದಾಗಿ ಕಟ್ಟುತ್ತದೆ. 10,600 ನ್ಯಾನೊಮೀಟರ್‌ನ ಕಾರ್ಬನ್ ಡೈಆಕ್ಸೈಡ್ ಲೇಸರ್ ಮೇಲ್ಪದರವನ್ನೂ ತೂತು ಮಾಡುತ್ತದೆ. 1550 ನ್ಯಾನೊಮೀಟರ್‌ನ ಎರ್ಬಿಯಮ್ ಗ್ಲಾಸ್ ಲೇಸರ್ ಮೇಲ್ಪದರ ಉಳಿಸಿ ಒಳಗೆ ಕೆಲಸ ಮಾಡುತ್ತದೆ. ಮೊದಲನೆಯದಕ್ಕೆ ಬಲ ಹೆಚ್ಚು, ಚೇತರಿಕೆಯ ದಿನಗಳೂ ಹೆಚ್ಚು, ಕಪ್ಪಾಗುವ ಸಾಧ್ಯತೆಯೂ ಹೆಚ್ಚು. ಚರ್ಮವನ್ನು ಬಿಸಿಲಿಗೆ ಅದು ತೋರುವ ಪ್ರತಿಕ್ರಿಯೆಯ ಮೇಲೆ ಆರು ಬಗೆಯಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ಕ್ರಮವೊಂದಿದೆ, 1975ರಲ್ಲಿ ಶುರುವಾಗಿ ಆಮೇಲೆ ಆರಕ್ಕೆ ಬೆಳೆದದ್ದು. ನಾಲ್ಕರಿಂದ ಆರನೆಯ ಬಗೆಯವರಿಗೆ, ಅಂದರೆ ಗಾಢ ಬಣ್ಣದ ಚರ್ಮದವರಿಗೆ, ಡಾಕ್ಟರು ಮುಖ್ಯವಾಗಿ ಕಡಿಮೆ ಮಾಡಬೇಕಾದದ್ದು ಕಂಬಗಳ ದಟ್ಟಣೆಯನ್ನು. ಚುಕ್ಕೆಗಳು ಒತ್ತೊತ್ತಾಗಿ ಬಿದ್ದರೆ ಶಾಖ ಹೊರಹೋಗಲು ಜಾಗವಿಲ್ಲದೆ ಇಡೀ ಚರ್ಮ ಕಾಯುತ್ತದೆ. ಮೊದಲು ದವಡೆಯಂಚಿನಲ್ಲಿ ಪುಟ್ಟ ಜಾಗಕ್ಕೆ ಮಾಡಿ, ನಾಲ್ಕರಿಂದ ಆರು ವಾರ ಕಾದು ನೋಡಲು ಕೇಳು. ಕಪ್ಪಾಗುವುದಿದ್ದರೆ ಅಷ್ಟರೊಳಗೆ ಅಲ್ಲೇ ತೋರುತ್ತದೆ.

ಡಾಕ್ಟರ ಮುಂದೆ ಏನನ್ನೂ ಮುಚ್ಚಿಡಬೇಡ. ತುಟಿಯ ಸುತ್ತ ನೀರ್ಗುಳ್ಳೆ ಏಳುವ ಹರ್ಪಿಸ್ ಎಂದಾದರೂ ಬಂದಿದ್ದರೆ ಹೇಳಲೇಬೇಕು, ಮೊದಲೇ ಮಾತ್ರೆ ಶುರುಮಾಡುತ್ತಾರೆ. ಗಾಯವಾದಲ್ಲಿ ದಪ್ಪ ಗಂಟಾಗುವ ಕೆಲಾಯ್ಡ್, ಈಚೆಗೆ ಬಿಸಿಲಲ್ಲಿ ತಿರುಗಿದ್ದು, ಹೆಸರು ಗೊತ್ತಿಲ್ಲದ ಬಿಳುಪಿನ ಕ್ರೀಮು ಹಚ್ಚಿದ್ದು, ಡಾಕ್ಸಿಸೈಕ್ಲಿನ್ ನುಂಗುತ್ತಿರುವುದು, ಎಲ್ಲವನ್ನೂ ಹೇಳು. ಐಸೊಟ್ರೆಟಿನಾಯಿನ್ ಬಿಟ್ಟು ಆರು ತಿಂಗಳಾಗಬೇಕು ಅನ್ನುವುದು ಹಳೆಯ ನಿಯಮ. ಫ್ರಾಕ್ಷನಲ್ ಲೇಸರ್‌ಗಳ ಮಟ್ಟಿಗೆ ಅಷ್ಟು ಕಾಯಬೇಕಾಗಿಲ್ಲ ಎಂದು 2017ರಿಂದ ತಜ್ಞರು ಅದನ್ನು ಸಡಿಲಿಸಿದ್ದಾರೆ. ಆದರೂ ನಿನ್ನ ವಿಷಯದಲ್ಲಿ ಡಾಕ್ಟರೇ ತೀರ್ಮಾನಿಸಲಿ.

ಲೇಸರ್ ಮಾಡಿಸುವ ದಿನ ಮೇಕಪ್ ಇಲ್ಲದೆ, ಮುಖದ ಹತ್ತಿರದ ಲೋಹದ ಒಡವೆ ಬಿಚ್ಚಿಟ್ಟು ಹೋಗು. ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡುತ್ತಾರೆ. ಮನೆಯಲ್ಲೇ ದಪ್ಪಗೆ ಬಳಿದುಕೊಂಡು ಹೋಗಬೇಡ, ಹೆಚ್ಚು ಜಾಗಕ್ಕೆ ಹೆಚ್ಚು ಹೊತ್ತು ಹಚ್ಚಿದರೆ ಅದು ರಕ್ತಕ್ಕಿಳಿದು ಅಪಾಯ. ಕಣ್ಣಿಗೆ ಕವಚ ಹಾಕದೆ ಶುರುಮಾಡಲು ಬಿಡಬೇಡ. ಪ್ರತಿ ಹೊಡೆತವೂ ಬಿಸಿಯಾದ ರಬ್ಬರ್ ಬ್ಯಾಂಡನ್ನು ಎಳೆದು ಬಿಟ್ಟ ಹಾಗೆ ಚುರುಕ್ಕೆನ್ನುತ್ತದೆ. ಮೇಲ್ದುಟಿಯಲ್ಲಿ, ಮೂಳೆಗೆ ಅಂಟಿದ ಹಣೆಯಲ್ಲಿ ಹೆಚ್ಚು. ಕಾರ್ಬನ್ ಡೈಆಕ್ಸೈಡ್ ಲೇಸರ್ ಆದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಹೆದರಬೇಡ. ಒಂದೇ ಜಾಗದಲ್ಲಿ ಉರಿ ಇಳಿಯದೆ ಏರುತ್ತಲೇ ಹೋದರೆ ಮಾತ್ರ ಕೈ ಎತ್ತಿ ನಿಲ್ಲಿಸು, ಸಹಿಸಿಕೊಂಡು ಸುಮ್ಮನಿರಬೇಡ.

ಆಮೇಲಿನ ಮೊದಲ ಕೆಲವು ಗಂಟೆ ಬಿಸಿಲಿಗೆ ಬೆಂದ ಹಾಗೆ ಉರಿಯುತ್ತದೆ. ಒದ್ದೆ ಬಟ್ಟೆಯ ತಂಪು, ಮೇಲೆ ತೆಳ್ಳಗೆ ಪೆಟ್ರೋಲಿಯಮ್ ಜೆಲ್ಲಿ ಸಾಕು. ದಪ್ಪಗೆ ಮೆತ್ತಿದರೆ ಅದೇ ಹೊಸ ಗುಳ್ಳೆಗಳಿಗೆ ದಾರಿ. ಎರಡನೆಯ ಬೆಳಿಗ್ಗೆ ಕಣ್ಣ ಸುತ್ತ ಊತ ಹೆಚ್ಚು, ರಾತ್ರಿ ತಲೆಗೆ ಎರಡು ದಿಂಬಿಟ್ಟು ಮಲಗು. ಮೂರನೆಯ ದಿನದಿಂದ ಕೆನ್ನೆ ಮುಟ್ಟಿದರೆ ಮರಳು ಕಾಗದದ ಹಾಗೆ. ಕನ್ನಡಿಯ ಹತ್ತಿರ ಹೋದರೆ ಸಾಲಾಗಿ ಜೋಡಿಸಿದ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕೆಗಳು ಕಾಣುತ್ತವೆ, ಒಂದೊಂದು ಚುಕ್ಕೆಯೂ ಒಂದೊಂದು ಕಂಬದ ಹಕ್ಕಳೆ. ಐದರಿಂದ ಹತ್ತು ದಿನದೊಳಗೆ ತಾವಾಗಿ ಉದುರುತ್ತವೆ. ಉಗುರಿನಿಂದ ಕಿತ್ತರೆ ಆ ಜಾಗದಲ್ಲಿ ಕಲೆ ಉಳಿಯಬಹುದು. ಮೂರನೆಯ ದಿನ ಕಡಿಮೆಯಾಗಬೇಕಾದ ನೋವು ಹೆಚ್ಚಾದರೆ, ಹಳದಿ ಕೀವು, ಗುಂಪಾದ ನೀರ್ಗುಳ್ಳೆ, ಜ್ವರ ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಡಾಕ್ಟರಿಗೆ ತೋರಿಸು.

ಈಗ ಹೇಳುವುದನ್ನು ನೆನಪಿಟ್ಟುಕೋ, ಏಕೆಂದರೆ ಬಹಳ ಜನ ಅಳುವುದು ಇಲ್ಲೇ. ಮೊದಲ ಒಂದೆರಡು ವಾರ ಊತದಿಂದ ಚರ್ಮ ಉಬ್ಬಿ ಗುಂಡಿಗಳು ತುಂಬಿದ ಹಾಗೆ ಕಾಣುತ್ತವೆ. ಮುಖ ನುಣುಪಾಯಿತೆಂದು ಸಂಭ್ರಮ. ಮೂರು ನಾಲ್ಕನೆಯ ವಾರಕ್ಕೆ ಊತ ಇಳಿಯುತ್ತದೆ, ಗುಂಡಿಗಳು ಮೊದಲಿನ ಹಾಗೇ ಕಾಣುತ್ತವೆ, ‘ಎಲ್ಲ ವಾಪಸ್ ಬಂತು’ ಅನಿಸುತ್ತದೆ. ವಾಪಸ್ ಬಂದಿರುವುದಿಲ್ಲ, ತುಂಬಿಯೇ ಇರಲಿಲ್ಲ. ಒಳಗೆ ಕೊಲಾಜೆನ್ ಆಗಷ್ಟೇ ಕಟ್ಟಲು ಶುರುವಾಗಿರುತ್ತದೆ, ಅದು ಮೂರರಿಂದ ಆರು ತಿಂಗಳ ಕೆಲಸ. ಅದಕ್ಕೇ ಮೂರರಿಂದ ಐದು ಸಿಟ್ಟಿಂಗ್, ನಡುವೆ ನಾಲ್ಕರಿಂದ ಆರು ವಾರ. ಎಲ್ಲ ಮುಗಿದ ಮೇಲೂ ಗುಂಡಿಗಳು ಆಳ ಕಡಿಮೆಯಾಗಿ ಅಂಚು ಮೃದುವಾಗುತ್ತವೆಯೇ ಹೊರತು ಅಳಿಸಿಹೋಗುವುದಿಲ್ಲ. ಒಂದೇ ಸಿಟ್ಟಿಂಗ್‌ನಲ್ಲಿ ಪೂರ್ತಿ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಎದ್ದು ಬಾ.

ಕಪ್ಪಾಗುವುದಿದ್ದರೆ ಅದೂ ಸಾಮಾನ್ಯವಾಗಿ ಈ ಮೂರು ನಾಲ್ಕು ವಾರದೊಳಗೇ ತೋರುವುದು. ಹಾಗಾದರೆ ಮುಂದಿನ ಸಿಟ್ಟಿಂಗ್ ಮುಂದೂಡಿ ಡಾಕ್ಟರಿಗೆ ತೋರಿಸು. ಕ್ರೀಮಿಗೆ ಬಗ್ಗುತ್ತದೆ, ತಿಂಗಳುಗಳು ಹಿಡಿಯುತ್ತವೆ. ಹಕ್ಕಳೆ ಉದುರುವ ತನಕ ನೆರಳು ಮತ್ತು ಅಗಲ ಟೋಪಿ. ಆಮೇಲೆ ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನನ್ನು ಎರಡು ಬೆರಳುದ್ದ ಹಿಂಡಿ ಮುಖ ಕುತ್ತಿಗೆಗೆ ಹಚ್ಚು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಕಬ್ಬಿಣದ ಆಕ್ಸೈಡ್ ಇರುವ, ಚರ್ಮದ ಬಣ್ಣದ ಸನ್‌ಸ್ಕ್ರೀನ್ ಸಿಕ್ಕರೆ ಅದನ್ನೇ ಕೊಳ್ಳು. ಕಣ್ಣಿಗೆ ಕಾಣುವ ಬೆಳಕೂ ಗಾಢ ಚರ್ಮವನ್ನು ಕಪ್ಪಾಗಿಸುತ್ತದೆ, ಮಾಮೂಲಿ ಸನ್‌ಸ್ಕ್ರೀನ್ ಅದನ್ನು ಚೆನ್ನಾಗಿ ತಡೆಯುವುದಿಲ್ಲ.

ಪರೀಕ್ಷೆ, ಪ್ರಯಾಣ, ಸಮಾರಂಭ ಯಾವುದೂ ಇಲ್ಲದ ಹತ್ತು ದಿನ ಬಿಡುವು ನೋಡಿಕೊಂಡೇ ದಿನ ಗೊತ್ತುಮಾಡು. ಹೋದಾಗ ಮೆಷಿನ್ನಿನ ತರಂಗಾಂತರ ಎಷ್ಟು, ಹಿಡಿಯುವವರು ಡಾಕ್ಟರೇ ಅಥವಾ ಬೇರೆಯವರೇ, ಕಪ್ಪಾದರೆ ಮುಂದೇನು ಎಂದು ಕೇಳು. ಕೇಳಲು ಸಂಕೋಚಪಡಬೇಡ ಕಣೇ, ಅದು ನಿನ್ನ ಮುಖ.

ಅದಕ್ಕೆ ಮೊದಲು ಫೋಟೊ ತೆಗೆದಿಡು. ಅದೇ ಕಿಟಕಿ, ಅದೇ ಹೊತ್ತು, ಎದುರಿನಿಂದೊಂದು, ಎರಡೂ ಪಕ್ಕದಿಂದ ಒಂದೊಂದು, ಫ್ಲ್ಯಾಶ್ ಇಲ್ಲದೆ. ಫ್ಲ್ಯಾಶ್ ನೆರಳನ್ನು ನುಂಗಿಬಿಡುತ್ತದೆ, ಗುಂಡಿ ಇದ್ದರೂ ಇಲ್ಲದ ಹಾಗೆ ಕಾಣುತ್ತದೆ. ಪ್ರತಿ ಸಿಟ್ಟಿಂಗ್‌ಗೂ ಮೊದಲು, ಕೊನೆಯ ಸಿಟ್ಟಿಂಗ್ ಆಗಿ ಮೂರು ತಿಂಗಳಾದಾಗ ಒಮ್ಮೆ, ಆರು ತಿಂಗಳಾದಾಗ ಒಮ್ಮೆ ಹೀಗೇ ತೆಗೆ. ದಿನಾ ಕನ್ನಡಿ ನೋಡುವ ಕಣ್ಣಿಗೆ ನಿಧಾನದ ಬದಲಾವಣೆ ಗೊತ್ತಾಗುವುದಿಲ್ಲ.

ಈ ಭಾನುವಾರ ಗಾಜಿಟ್ಟು ನೋಡು. ಯಾವ ಕಲೆ ಮಾಯವಾಯಿತು, ಯಾವುದು ಉಳಿಯಿತು, ಚರ್ಮ ಎಳೆದಾಗ ಯಾವ ಗುಂಡಿ ಸಮವಾಯಿತು ಎಂದು ಎಡಗೆನ್ನೆ ಬಲಗೆನ್ನೆ ಬೇರೆ ಬೇರೆ ಬರೆದು ನನಗೆ ಕಳಿಸು. ಡಾಕ್ಟರ ಹತ್ತಿರ ಹೋಗುವಾಗ ನಾನೂ ಜೊತೆಗೆ ಬರುತ್ತೇನೆ.

ನಿನ್ನ
ಅಮ್ಮ