ವ್ಯಾಂಡೇಲಿಯಾದ ಹಸಿ ಗೋಡೆಗಳ ಅಧಿವೇಶನ

ಸ್ಪ್ರಿಂಗ್‌ಫೀಲ್ಡ್, ಇಲಿನಾಯ್
ಭಾನುವಾರ

ತೀರ್ಥರೂಪು ಅಪ್ಪನವರಿಗೆ,

ಮಗಳು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ. ಅಮ್ಮನ ಮಂಡಿನೋವಿನ ವಿಷಯ ಫೋನಿನಲ್ಲಿ ಮಾತಾಡೋಣ. ಈ ಕಾಗದ ಪೂರ್ತಿ ನಿಮ್ಮ ಪ್ರಶ್ನೆಗೇ ಮೀಸಲು: ಅಬ್ರಹಾಂ ಲಿಂಕನ್ ಶಾಸಕನಾಗಿದ್ದ ಸಭೆಯಲ್ಲಿ ಕೋರಂ (ಕಲಾಪಕ್ಕೆ ಬೇಕಾದ ಕನಿಷ್ಠ ಹಾಜರಿ) ಎಷ್ಟು, ವಿಧೇಯಕಕ್ಕೆ ಎಷ್ಟು ವಾಚನ, ಅಂಕಿತ ಹಾಕುವವರು ಯಾರು? ವಿಧಾನಸಭೆ ಸಚಿವಾಲಯದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು ಇದನ್ನಲ್ಲದೆ ಇನ್ನೇನು ಕೇಳುತ್ತೀರಿ!

ಲಿಂಕನ್ ನಾಲ್ಕು ಅವಧಿ ಕೂತಿದ್ದ. 1834, 1836, 1838, 1840ರ ಚುನಾವಣೆಗಳಲ್ಲಿ ಗೆದ್ದು. ನಾನು ಎರಡನೆಯದನ್ನು ಮಾತ್ರ ಹಿಡಿದುಕೊಳ್ಳುತ್ತೇನೆ, ಅಂದರೆ ಇಲಿನಾಯ್‌ನ ಹತ್ತನೆಯ ಜನರಲ್ ಅಸೆಂಬ್ಲಿ, ಇಲ್ಲಿನ ರಾಜ್ಯ ಶಾಸಕಾಂಗ. 1836ರ ಡಿಸೆಂಬರ್ 5ರಿಂದ 1837ರ ಮಾರ್ಚ್ 6ರವರೆಗೆ ಒಂದು ಅಧಿವೇಶನ, ಜುಲೈ 10ರಿಂದ 22ರವರೆಗೆ ಒಂದು ವಿಶೇಷ ಅಧಿವೇಶನ. ಅಷ್ಟರಲ್ಲಿ ರಾಜಧಾನಿಯನ್ನು ಎತ್ತಿ ಬೇರೆ ಊರಿಗೆ ಹಾಕಿದರು, ಖಜಾನೆಯನ್ನು ದಿವಾಳಿಯ ದಾರಿಗೆ ಹಚ್ಚಿದರು, ಗುಲಾಮಗಿರಿಯ ಮೇಲೆ ಲಿಂಕನ್ನನ ಲಿಖಿತ ಮಾತೊಂದು ದಾಖಲೆಗೆ ಏರಿತು. ಇಲ್ಲಿನವರು ಇದನ್ನೆಲ್ಲ ಲಿಂಕನ್ನನ ಕಥೆಯಾಗಿ ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. 1818ರ ರಾಜ್ಯ ಸಂವಿಧಾನವನ್ನು ಪಕ್ಕದಲ್ಲಿಟ್ಟುಕೊಂಡು ನಡಾವಳಿ ಓದಿದರೆ, ಯಾರು ಯಾವಾಗ ಏಕೆ ಹಾಗೆ ನಡೆದುಕೊಂಡರು ಅನ್ನುವುದರ ಅರ್ಧ ಉತ್ತರ ನಿಯಮದಲ್ಲೇ ಸಿಗುತ್ತದೆ.

ಮೊದಲು ಚುನಾವಣೆ. ಎರಡು ವರ್ಷಕ್ಕೊಮ್ಮೆ, ಆಗಸ್ಟ್‌ನ ಮೊದಲ ಸೋಮವಾರ. ಕೆಳಮನೆಯವರ ಅವಧಿ ಎರಡು ವರ್ಷ, ಮೇಲ್ಮನೆಯಾದ ಸೆನೆಟ್‌ನವರದು ನಾಲ್ಕು. ನಮ್ಮ ಪರಿಷತ್ತಿನಲ್ಲಿ ಮೂರರಲ್ಲೊಂದು ಪಾಲು ಸರದಿಯಲ್ಲಿ ನಿವೃತ್ತರಾಗುವ ಹಾಗೆ ಇಲ್ಲಿ ಸೆನೆಟ್‌ನ ಅರ್ಧ ಭಾಗ ಪ್ರತಿ ಚುನಾವಣೆಗೆ ಹೊಸದಾಗುತ್ತಿತ್ತು. 21 ತುಂಬಿದ್ದರೆ ಕೆಳಮನೆಗೆ ನಿಲ್ಲಬಹುದು, 25 ತುಂಬಿದ್ದರೆ ಸೆನೆಟ್‌ಗೆ. ಮತದಾನದ ಹಕ್ಕು ರಾಜ್ಯದಲ್ಲಿ ಆರು ತಿಂಗಳು ನೆಲೆಸಿದ, 21 ವರ್ಷ ದಾಟಿದ ಬಿಳಿಯ ಗಂಡಸರಿಗೆ ಮಾತ್ರ. ಮತಚೀಟಿ ಅನ್ನುವುದೇ ಇಲ್ಲ. ಮತಗಟ್ಟೆಯಲ್ಲಿ ನಿಂತು ಎಲ್ಲರೆದುರು ಹೆಸರು ಕೂಗಬೇಕು, ಗುಮಾಸ್ತ ಬರೆದುಕೊಳ್ಳುತ್ತಾನೆ. ಸಾಲ ಕೊಟ್ಟ ಅಂಗಡಿಯವನು ಪಕ್ಕದಲ್ಲೇ ನಿಂತಿದ್ದರೆ ಬಾಯಿಂದ ಯಾವ ಹೆಸರು ಹೊರಡುತ್ತದೆ, ನೀವೇ ಊಹಿಸಿ. ಚೀಟಿ ಬಂದದ್ದು 1848ರ ಸಂವಿಧಾನದಲ್ಲಿ.

1835ರ ರಾಜ್ಯ ಜನಗಣತಿಯಾದ ಮೇಲೆ ಕೆಳಮನೆಯ ಸ್ಥಾನ 55ರಿಂದ 91ಕ್ಕೆ, ಸೆನೆಟ್ 26ರಿಂದ 40ಕ್ಕೆ ಏರಿತ್ತು. ಹಾಗಾಗಿ ಹೊಸ ಮುಖಗಳೇ ಹೆಚ್ಚು. ಒಂದು ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಒಬ್ಬನೇ ಅನ್ನುವ ಲೆಕ್ಕವಿಲ್ಲ. ಜನಸಂಖ್ಯೆ ಇದ್ದ ಹಾಗೆ ಸ್ಥಾನ. ಸ್ಪ್ರಿಂಗ್‌ಫೀಲ್ಡ್ ಇರುವ ಸ್ಯಾಂಗಮನ್ ಕೌಂಟಿ ಒಂದಕ್ಕೇ ಕೆಳಮನೆಯಲ್ಲಿ ಏಳು, ಸೆನೆಟ್‌ನಲ್ಲಿ ಎರಡು. ಲಿಂಕನ್, ಡ್ಯಾನ್ ಸ್ಟೋನ್, ನಿನಿಯನ್ ಎಡ್ವರ್ಡ್ಸ್, ಜಾನ್ ಡಾಸನ್, ವಿಲಿಯಂ ಎಲ್ಕಿನ್, ಆಂಡ್ರ್ಯೂ ಮೆಕಾರ್ಮಿಕ್, ರಾಬರ್ಟ್ ವಿಲ್ಸನ್. ಸೆನೆಟ್‌ನಲ್ಲಿ ಆರ್ಚರ್ ಹರ್ನ್‌ಡನ್, ಜಾಬ್ ಫ್ಲೆಚರ್. ಸರಾಸರಿ ಆರಡಿ ಆಳುಗಳು, ಆದ್ದರಿಂದ ‘ಉದ್ದನೆಯ ಒಂಬತ್ತು’ ಎಂಬ ಅಡ್ಡಹೆಸರು. ಒಂಬತ್ತು ಜನ ಒಂದೇ ಕಡೆ ಓಟು ಹಾಕುವುದು ಆ ಸಭೆಯಲ್ಲಿ ಸಣ್ಣ ಬಲವಲ್ಲ.

ಉಳಿದವರ ಪಟ್ಟಿಯೂ ಕಡಿಮೆಯದಲ್ಲ. ಸಭಾಧ್ಯಕ್ಷ ಜೇಮ್ಸ್ ಸೆಂಪಲ್. ಮಾರ್ಗನ್ ಕೌಂಟಿಯಿಂದ 23ರ ಹುಡುಗ ಸ್ಟೀಫನ್ ಡಗ್ಲಸ್, ಮುಂದೆ ಲಿಂಕನ್ನನ ಎದುರಾಳಿ. ಜೇಮ್ಸ್ ಶೀಲ್ಡ್ಸ್ ಮುಂದೆ ಮೂರು ಬೇರೆ ಬೇರೆ ರಾಜ್ಯಗಳಿಂದ ಕೇಂದ್ರ ಸೆನೆಟ್‌ಗೆ ಹೋದ ಆಸಾಮಿ. ಜಾನ್ ಹಾರ್ಡಿನ್ 1847ರಲ್ಲಿ ಮೆಕ್ಸಿಕೋ ಯುದ್ಧದಲ್ಲಿ ಸತ್ತ. ಸೆನೆಟ್‌ನ ಪೀಠದಲ್ಲಿ ಇರಬೇಕಾದವನು ಲೆಫ್ಟಿನೆಂಟ್ ಗವರ್ನರ್. ಆತ ಡಿಸೆಂಬರ್‌ನಲ್ಲೇ ರಾಜೀನಾಮೆ ಕೊಟ್ಟದ್ದರಿಂದ ವಿಲಿಯಂ ಡೇವಿಡ್‌ಸನ್ ಕೂತ.

ಇಲ್ಲೊಂದು ವಿಚಿತ್ರ ನೋಡಿ. ಕೇಂದ್ರದ ಸೆನೆಟರ್, ರಾಜ್ಯದ ನ್ಯಾಯಾಧೀಶರು, ಅಟಾರ್ನಿ ಜನರಲ್ ಎಲ್ಲರನ್ನೂ ಆರಿಸುವುದು ಇದೇ ಶಾಸಕರು, ಎರಡೂ ಮನೆ ಜಂಟಿಯಾಗಿ ಕೂತು. ತಮ್ಮ ಪೈಕಿಯವರನ್ನೇ ಆರಿಸಿಕೊಳ್ಳಲು ಅಡ್ಡಿ ಇರಲಿಲ್ಲ. ಅಶರ್ ಲಿಂಡರ್ ಶಾಸಕನಾಗಿ ಬಂದು ಅಟಾರ್ನಿ ಜನರಲ್ ಆದ, ಸ್ಟೋನ್ ನ್ಯಾಯಾಧೀಶನಾದ. ಡಗ್ಲಸ್ ಕೇಂದ್ರದ ಭೂಕಚೇರಿಯ ಹುದ್ದೆ ಸಿಕ್ಕಿದ ಕೂಡಲೇ ಸ್ಥಾನ ಬಿಟ್ಟ. ಹೀಗೆ ಅವಧಿ ಎರಡು ವರ್ಷದ್ದಾದರೂ ಹಾಜರಿ ಪಟ್ಟಿ ಒಂದೇ ವರ್ಷದಲ್ಲಿ ಬದಲಾಗುತ್ತಿತ್ತು.

ಕಟ್ಟಡದ ಮಾತು. ಆಗಿನ ರಾಜಧಾನಿ ವ್ಯಾಂಡೇಲಿಯಾ, 1820ರಿಂದ. ಕಾನೂನು ಕೊಟ್ಟದ್ದು ಇಪ್ಪತ್ತು ವರ್ಷದ ಗಡುವು, ಅದು ಮುಗಿಯುತ್ತ ಬಂದಿತ್ತು. ರಾಜಧಾನಿ ಕೈತಪ್ಪೀತೆಂದು ಊರಿನವರು 1836ರ ಬೇಸಿಗೆಯಲ್ಲಿ ಗಡಿಬಿಡಿಯಿಂದ ಎರಡಂತಸ್ತಿನ ಇಟ್ಟಿಗೆ ಕಟ್ಟಡ ಎಬ್ಬಿಸಿದರು. ಡಿಸೆಂಬರ್‌ನಲ್ಲಿ ಸದಸ್ಯರು ಬಂದಾಗ ಗಾರೆ ಇನ್ನೂ ಆರಿರಲಿಲ್ಲ. ಹಸಿ ಗಾರೆ, ಹೊರಗೆ ಹಿಮ, ಒಳಗೆ ಸೌದೆ ಒಲೆ: ಒಲೆ ಉರಿದಷ್ಟೂ ಗೋಡೆ ಬೆವರುತ್ತದೆ, ಒಳಗೆಲ್ಲ ತೇವ. ಊರು ಉಳಿಸಿಕೊಳ್ಳಲು ಕಟ್ಟಿದ್ದೇ ಊರಿನ ಮೇಲೆ ದೂರು ಹೇಳಲು ನೆಪವಾಯಿತು. ಕಟ್ಟಡ ಈಗಲೂ ಇದೆ. ಚಿತ್ರಗಳಲ್ಲಿ ಕಾಣುವ ಕಂಬಗಳ ಮುಖಮಂಟಪ ಮಾತ್ರ ಆಮೇಲೆ ಸೇರಿಸಿದ್ದು.

ಈಗ ನಿಮ್ಮ ನಿಯಮಗಳಿಗೆ ಬರುತ್ತೇನೆ. ವಿಧೇಯಕವನ್ನು ಪ್ರತಿ ಮನೆಯಲ್ಲೂ ಮೂರು ಬೇರೆ ಬೇರೆ ದಿನ ಓದಬೇಕು. ಮುಕ್ಕಾಲು ಪಾಲು ಸದಸ್ಯರು ಒಪ್ಪಿದರೆ ಮಾತ್ರ ಇದಕ್ಕೆ ವಿನಾಯಿತಿ. ಕೋರಂ ನಮ್ಮ ಹಾಗೆ ಹತ್ತರಲ್ಲೊಂದಲ್ಲ, ಮೂರರಲ್ಲೆರಡು. 91ರಲ್ಲಿ 61 ಜನ ಒಳಗಿರಬೇಕು. ಆದ್ದರಿಂದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಜನ ಎದ್ದುಹೋದರೆ ಕಲಾಪವೇ ನಿಂತುಹೋಗುತ್ತದೆ. ಸಭಾತ್ಯಾಗ ನಮ್ಮಲ್ಲಿ ಪ್ರತಿಭಟನೆ, ಅವರಲ್ಲಿ ಅದೊಂದು ಆಯುಧ. 1840ರ ಡಿಸೆಂಬರ್‌ನಲ್ಲಿ ಕೋರಂ ಮುರಿಯಲು ಲಿಂಕನ್ ಕಿಟಕಿಯಿಂದ ಹಾರಿದ ಪ್ರಸಂಗವನ್ನು ನೀವು ಕೇಳಿರಬಹುದು. ಹಾರುವಷ್ಟರಲ್ಲಿ ಹಾಜರಿ ಎಣಿಕೆ ಮುಗಿದಿತ್ತು, ಹಾರಿದ್ದು ದಂಡ.

ಅಂಕಿತ ಗವರ್ನರ್ ಒಬ್ಬನ ಕೈಯಲ್ಲಿರಲಿಲ್ಲ. ಗವರ್ನರ್ ಮತ್ತು ಸುಪ್ರೀಂ ಕೋರ್ಟಿನ ನ್ಯಾಯಾಧೀಶರು ಸೇರಿದ ‘ಪರಿಶೀಲನಾ ಮಂಡಳಿ’ ಪ್ರತಿ ವಿಧೇಯಕವನ್ನೂ ನೋಡಬೇಕು. ಆಕ್ಷೇಪವಿದ್ದರೆ ಹತ್ತು ದಿನದೊಳಗೆ ವಾಪಸ್ ಕಳಿಸಬೇಕು. ಕಾನೂನು ಮಾಡುವ ಹಂತದಲ್ಲೇ ನ್ಯಾಯಾಧೀಶರು! ಆದರೆ ಅದರ ಹಲ್ಲು ಮೊಂಡು: ಚುನಾಯಿತ ಸದಸ್ಯರ ಸರಳ ಬಹುಮತದಿಂದ ಮತ್ತೆ ಅಂಗೀಕರಿಸಿದರೆ ಆಕ್ಷೇಪ ಕಸದ ಬುಟ್ಟಿಗೆ. ಗವರ್ನರ್ ಜೋಸೆಫ್ ಡಂಕನ್‌ಗೆ ಈ ಅನುಭವ ಬೇಗ ಆಯಿತು.

ಆತನಿಗೆ ಆ ಅನುಭವ ತಂದ ಕಾನೂನು 1837ರ ಫೆಬ್ರವರಿ 27ರದು, ‘ಆಂತರಿಕ ಅಭಿವೃದ್ಧಿ’ ಯೋಜನೆ. ಒಟ್ಟು ಒಂದು ಕೋಟಿ ಡಾಲರ್‌ಗೂ ಮೇಲೆ. ದಕ್ಷಿಣ ತುದಿಯ ಕೇರೋದಿಂದ ವಾಯವ್ಯದ ಗಲೀನಾವರೆಗೆ ರೈಲುದಾರಿಗೆ 35 ಲಕ್ಷ. ರಾಜ್ಯವನ್ನು ಅಡ್ಡ ಹಾಯುವ ಇನ್ನಷ್ಟು ರೈಲುದಾರಿ. ವಾಬಾಶ್, ಇಲಿನಾಯ್, ರಾಕ್ ನದಿಗಳಿಗೆ ಒಂದೊಂದು ಲಕ್ಷ. ರೈಲೂ ಇಲ್ಲ ನದಿಯೂ ಇಲ್ಲ ಅನ್ನುವ ಕೌಂಟಿಗಳ ಬಾಯಿ ಮುಚ್ಚಿಸಲು ಎರಡು ಲಕ್ಷ ಹಂಚಿಕೆ, ನೇರ ನಗದು. 1840ರ ಗಣತಿಯಲ್ಲೂ ಐದು ಲಕ್ಷ ಮುಟ್ಟದ ರಾಜ್ಯ ಇದು (4,76,183). ದುಡ್ಡೆಲ್ಲ ಬಾಂಡ್ ಮಾರಿ ತರುವ ಸಾಲ.

ಸಾಲಕ್ಕಿಂತ ಕೆಟ್ಟದ್ದು ಕಾನೂನಿನ ಒಂದು ಷರತ್ತು, ಅದನ್ನು ಇಂಜಿನಿಯರ್ ಮಾವನಿಗೂ ಓದಿ ಹೇಳಿ. ಯಾವ ಊರಿಗೂ ಅಸೂಯೆ ಬರಬಾರದೆಂದು ರೈಲುದಾರಿಯ ಕೆಲಸವನ್ನು ಎರಡೂ ತುದಿಯಿಂದ, ನಡುವಿನ ಮುಖ್ಯ ಊರುಗಳಿಂದ, ನದಿ ದಾಟುವ ಜಾಗಗಳಿಂದ ಏಕಕಾಲಕ್ಕೆ ಆರಂಭಿಸಬೇಕು ಅಂತ ಬರೆದುಬಿಟ್ಟರು. ಒಂದು ತುದಿಯಿಂದ ಹಾಕುತ್ತ ಬಂದಿದ್ದರೆ ಮುಗಿದಷ್ಟು ದೂರ ಗಾಡಿ ಓಡಿಸಿ ಬಾಡಿಗೆ ಎತ್ತಬಹುದಿತ್ತು. ಇಲ್ಲಿ ದುಡ್ಡು ನಿಂತಾಗ ಕೈಯಲ್ಲುಳಿದದ್ದು ಒಂದಕ್ಕೊಂದು ಕೂಡದ ಮಣ್ಣಿನ ದಿಬ್ಬಗಳು. ಕಾಮಗಾರಿ ನೋಡಲು ನ್ಯಾಯ ವಿಭಾಗಕ್ಕೊಬ್ಬನಂತೆ ಏಳು ಕಮಿಷನರುಗಳು, ಸಾಲ ಎತ್ತಲು ಬೇರೆ ಮೂವರು. ಇವರಿಗೂ ಅವರಿಗೂ ಮೇಲೆ ಒಬ್ಬ ಯಜಮಾನ ಅಂತ ಇರಲಿಲ್ಲ.

ಮೇ ತಿಂಗಳಲ್ಲಿ ನ್ಯೂಯಾರ್ಕ್ ಬ್ಯಾಂಕುಗಳು ನೋಟಿಗೆ ಬೆಳ್ಳಿ-ಬಂಗಾರ ಕೊಡುವುದನ್ನು ನಿಲ್ಲಿಸಿದವು, ದೇಶವೆಲ್ಲ ಬಿಕ್ಕಟ್ಟು. ಜುಲೈನ ವಿಶೇಷ ಅಧಿವೇಶನ ಕರೆದದ್ದೇ ಅದಕ್ಕೆ. ಯೋಜನೆ ಕೈಬಿಡಿ ಎಂದು ಡಂಕನ್ ಕೇಳಿಕೊಂಡ. ಶಾಸಕರು ಬ್ಯಾಂಕುಗಳನ್ನು ಕಾಪಾಡಿದರು, ಯೋಜನೆಯನ್ನು ಮುಟ್ಟಲಿಲ್ಲ. ಮುಗಿದದ್ದೆಂದರೆ ಮೆರಡೋಷಿಯಾದಿಂದ ಸ್ಪ್ರಿಂಗ್‌ಫೀಲ್ಡ್‌ವರೆಗಿನ ತುಂಡು, ಮರದ ತೊಲೆಯ ಮೇಲೆ ಚಪ್ಪಟೆ ಕಬ್ಬಿಣದ ಪಟ್ಟಿ ಹೊಡೆದ ಹಳಿ. ಮೊಳೆ ಸಡಿಲವಾದರೆ ಪಟ್ಟಿಯ ತುದಿ ಹಾವಿನ ಹೆಡೆಯಂತೆ ಏಳುತ್ತಿತ್ತು; ಅಂಥದ್ದು ಗಾಡಿಯ ತಳ ಸೀಳಿಕೊಂಡು ಒಳಗೇ ಬರಬಹುದು. ಕೊನೆಗೆ ಇಂಜಿನ್ ಬಿಟ್ಟು ಹೇಸರಗತ್ತೆ ಕಟ್ಟಿ ಎಳೆಸಿದರು. 1847ರಲ್ಲಿ ಹರಾಜಿನಲ್ಲಿ 21,100 ಡಾಲರ್‌ಗೆ ಮಾರಿದರು. ಸಾಲದ ಬಾಕಿ ತೀರಿದ್ದು 1880ರ ದಶಕದಲ್ಲಿ.

ರಾಜಧಾನಿ ವಿಧೇಯಕದ ಆಟ ನಿಮಗೆ ರುಚಿಸುತ್ತದೆ. ಊರಿನ ಜನ 50,000 ಡಾಲರ್ ಮತ್ತು ಎರಡು ಎಕರೆ ಜಾಗ ಕೊಡಬೇಕು ಅನ್ನುವ ಷರತ್ತು ಅದರಲ್ಲಿತ್ತು. ಸಣ್ಣ ಊರುಗಳು ಅಲ್ಲೇ ಉದುರಿದವು. ಫೆಬ್ರವರಿಯಲ್ಲಿ ಎದುರಾಳಿಗಳು ‘ಜುಲೈ 4ರವರೆಗೆ ಮೇಜಿನ ಮೇಲಿಡುವುದು’ ಎಂದು ಸೂಚನೆ ತಂದು ಒಂದೇ ಓಟಿನಿಂದ ಗೆದ್ದರು. ಮುಂದೂಡಿಕೆ ಅಂದುಕೊಳ್ಳಬೇಡಿ. ಮಾರ್ಚ್‌ಗೆ ಸಭೆ ಮುಗಿಯುತ್ತದೆ, ಜುಲೈ 4 ಸ್ವಾತಂತ್ರ್ಯ ದಿನದ ರಜೆ; ಮಸೂದೆಯನ್ನು ಮರ್ಯಾದೆಯಿಂದ ಕೊಲ್ಲುವ ಮಾತಿನ ರೀತಿ ಅದು. ಮರುಪರಿಶೀಲನೆಯ ಸೂಚನೆ ಹಾಕಿ ಉದ್ದನೆಯ ಒಂಬತ್ತು ಅದನ್ನು ಮತ್ತೆ ಎಬ್ಬಿಸಿತು. ಫೆಬ್ರವರಿ 28ರಂದು ಜಂಟಿ ಸಭೆ. ನಾಲ್ಕನೆಯ ಸುತ್ತಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ಗೆ 73 ಮತ, ವ್ಯಾಂಡೇಲಿಯಾಗೆ 16. ಹಿಂದಿನ ದಿನವೇ ರೈಲು ಕಾನೂನು! ಸ್ಯಾಂಗಮನ್‌ನವರು ರೈಲಿಗೆ ಓಟು ಕೊಟ್ಟು ರಾಜಧಾನಿ ಕೊಂಡರು ಎಂದು ಮುಂದೆ ಗವರ್ನರ್ ಆದ ಥಾಮಸ್ ಫೋರ್ಡ್ ಬರೆದಿಟ್ಟ. ಹೆಸರುಗಳನ್ನು ಎಣಿಸಿದ ಈಚಿನವರು ಅಷ್ಟು ಸರಳವಲ್ಲ ಅನ್ನುತ್ತಾರೆ. ಸ್ಪ್ರಿಂಗ್‌ಫೀಲ್ಡ್ ಭೂಪಟದ ನಡುವೆ ಇದೆ, ಜನ ಉತ್ತರಕ್ಕೆ ಹರಿಯುತ್ತಿದ್ದರು. ನನ್ನ ಮಟ್ಟಿಗೆ ಅರ್ಧ ಕೆಲಸ ಭೂಪಟವೇ ಮಾಡಿತ್ತು.

ಕೊನೆಯದು, ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಜನವರಿ 20ರಂದು ಕೆಳಮನೆ ಗುಲಾಮಗಿರಿ ವಿರೋಧಿ ಸಂಘಗಳನ್ನು ಖಂಡಿಸುವ ನಿರ್ಣಯ ಮಾಡಿತು, 77ಕ್ಕೆ 6. ಆ ಆರರಲ್ಲಿ ಲಿಂಕನ್, ಸ್ಟೋನ್ ಇಬ್ಬರೂ ಇದ್ದರು. ಮಾರ್ಚ್ 3ರಂದು ಇಬ್ಬರೂ ಪ್ರತಿಭಟನಾ ಟಿಪ್ಪಣಿ ದಾಖಲಿಸಿದರು: ಗುಲಾಮಗಿರಿ ಅನ್ಯಾಯದ, ಕೆಟ್ಟ ನೀತಿಯ ಮೇಲೆ ನಿಂತಿದೆ, ಆದರೆ ಅದರ ನಿರ್ಮೂಲನೆಯ ಪ್ರಚಾರ ಕೇಡನ್ನು ಹೆಚ್ಚಿಸುತ್ತದೆ. ಅಳೆದು ತೂಗಿದ ಮಾತು. ಇಬ್ಬರೇ ಏಕೆ? ಸಂವಿಧಾನದ ಪ್ರಕಾರ ‘ಯಾರಾದರೂ ಇಬ್ಬರು ಸದಸ್ಯರು’ ಭಿನ್ನಮತ ಕೊಟ್ಟರೆ ಕಾರಣಸಹಿತ ನಡಾವಳಿಯಲ್ಲಿ ಸೇರಿಸಲೇಬೇಕು. ಒಬ್ಬನಿಗೆ ಆ ಹಕ್ಕಿಲ್ಲ. ಸ್ಟೋನ್ ಸಹಿ ಹಾಕದಿದ್ದರೆ ಲಿಂಕನ್ನನ ಕಾಗದ ಜೇಬಿನಲ್ಲೇ ಉಳಿಯುತ್ತಿತ್ತು. ಆರು ವಾರ ತಡ ಏಕೆ? ನಡುವೆ ಫೆಬ್ರವರಿ 28 ಇದೆ. ರಾಜಧಾನಿಗೆ ಬೇಕಿದ್ದ ಓಟುಗಳಲ್ಲಿ ಆ 77ರವರದೂ ಇದ್ದವು. ಸ್ಟೋನ್ ನ್ಯಾಯಾಧೀಶನಾಗಿ ಹೊರಟಿದ್ದ, ಮತ್ತೆ ಮತದಾರರ ಮುಂದೆ ನಿಲ್ಲಬೇಕಾಗಿರಲಿಲ್ಲ. ಲಿಂಕನ್ ನಿಲ್ಲಬೇಕಿತ್ತು.

ನಡಾವಳಿಯ ಪ್ರತಿಯನ್ನು ಅಣ್ಣನ ಲ್ಯಾಪ್‌ಟಾಪಿಗೆ ಕಳಿಸಿದ್ದೇನೆ. ಭಾಷಣ ಹುಡುಕಬೇಡಿ, ಇರುವುದು ಸೂಚನೆ, ತಿದ್ದುಪಡಿ, ಪರ-ವಿರೋಧದ ಹೆಸರು ಮಾತ್ರ. ಹೆಸರುಗಳನ್ನು ಅಂಕಣ ಮಾಡದೆ ಒಂದೇ ಪ್ಯಾರಾದಲ್ಲಿ ಸುರಿದಿದ್ದಾರೆ, ಮನೆತನದ ಹೆಸರಷ್ಟೇ; ಪೆನ್ಸಿಲ್ ಹಿಡಿದು ಗೆರೆ ಎಳೆಯುತ್ತ ಓದಬೇಕು. ಜನವರಿ 20, ಫೆಬ್ರವರಿ 28, ಮಾರ್ಚ್ 3, ಈ ಮೂರು ದಿನ ಮೊದಲು ನೋಡಿ. 77ರ ಪಟ್ಟಿಯನ್ನು 73ರ ಪಟ್ಟಿಯ ಪಕ್ಕದಲ್ಲಿಟ್ಟು ಟಿಕ್ ಹಾಕುತ್ತ ಹೋದರೆ ನಿಮಗೆ ಒಂದು ಮಧ್ಯಾಹ್ನ ಸರಿಯಾಗುತ್ತದೆ. ಜಂಟಿ ಸಭೆಯಲ್ಲಿ ಸೆನೆಟರುಗಳೂ ಸೇರಿರುತ್ತಾರೆ, ಎಣಿಸುವಾಗ ಅವರನ್ನು ಬೇರೆ ತೆಗೆದಿಡಿ.

ಅಮ್ಮನಿಗೆ ನಮಸ್ಕಾರ ತಿಳಿಸಿ.

ಇತಿ ನಿಮ್ಮ ಮಗಳು